ಕ್ಷೇಮ ವಿಚಾರಿಸಲು ಹೊರಟವರ ಕೈಪಿಡಿ

ಮನೆಮನೆಗೆ ಹೋಗಿ ಕುಟುಂಬಗಳ ಕ್ಷೇಮ ವಿಚಾರಿಸುವ, ಅದನ್ನು ಅಳೆಯುವ, ವರದಿ ಮಾಡುವ, ಸಾಧ್ಯವಾದರೆ ಒಂದಿಷ್ಟು ಹೆಚ್ಚಿಸುವ ಎಲ್ಲರಿಗಾಗಿ ಈ ಕೈಪಿಡಿ. ಸಮೀಕ್ಷೆಗೆ ನಿಯೋಜನೆಗೊಂಡ ಮೇಷ್ಟ್ರುಗಳು, ಆಶಾ ಕಾರ್ಯಕರ್ತೆಯರು, ಅಂಗನವಾಡಿ ಟೀಚರ್‌ಗಳು, ಪಿಎಚ್‌ಡಿ ಮುಗಿಸಲೇಬೇಕಾದ ಹುಡುಗ ಹುಡುಗಿಯರು, ದೂರದೂರಿನಿಂದ ಬಂದು ಜೀಪಿನಿಂದ ಇಳಿಯುವ ತಜ್ಞರು, ಎಲ್ಲರೂ ಬಳಸುವ ಮುನ್ನ ಪೂರ್ತಿ ಓದಬೇಕು. ಪುರುಸೊತ್ತಿಲ್ಲದವರು (ಈ ಕೆಲಸದಲ್ಲಿ ಯಾರಿಗೂ ಇರುವುದಿಲ್ಲ) ‘ಎಚ್ಚರಿಕೆ’ ಎಂದಿರುವ ಭಾಗವನ್ನಾದರೂ ಓದಿಕೊಂಡು ಹೋಗಿ.

ಚೀಲದಲ್ಲಿ ಇರಬೇಕಾದ್ದು: ಗುರುತಿನ ಚೀಟಿ, ಚಾರ್ಜ್ ಇರುವ ಮೊಬೈಲ್, ಚಾರ್ಜ್ ಮುಗಿದಾಗ ಬರೆದುಕೊಳ್ಳಲು ನೋಟ್‌ಬುಕ್, ಕೊಡೆ, ನೀರಿನ ಬಾಟಲಿ. ಬಾಟಲಿ ಇದ್ದರೂ ಮನೆಯವರು ಕೊಟ್ಟ ನೀರನ್ನೇ ಕುಡಿಯಿರಿ. ಬೇಡ ಎಂದರೆ ಇವರು ಜಾತಿ ನೋಡುತ್ತಾರೆ ಎಂದು ಲೆಕ್ಕ ಹಾಕುತ್ತಾರೆ. ಜಾತಿ ನೋಡುವವರಿಗೆ ಕೊಡುವ ಉತ್ತರಗಳೇ ಬೇರೆ.

ಬಾಗಿಲು ತೆರೆಯುವ ಕ್ರಮ

ಹೊತ್ತು ನೋಡಿ ಹೋಗಿ. ನಾಟಿ, ಕೊಯ್ಲು, ಕಾಫಿ ಹಣ್ಣು ಬಿಡಿಸುವ ಕಾಲ ಬೇಡ. ಪಟ್ಟಣದಲ್ಲಿ ಬೆಳಗ್ಗೆ ಎಂಟರ ಹೊತ್ತಿಗೆ ಗಾರ್ಮೆಂಟ್ಸ್ ಹೆಂಗಸರು ಡಬ್ಬಿ ಕಟ್ಟಿಕೊಂಡು ಹೊರಟಿರುತ್ತಾರೆ. ಭಾನುವಾರ ವಾರದ ಬಟ್ಟೆ ಒಗೆಯುವ ದಿನ. ಸಂಜೆ ಏಳರ ಮೇಲೆ ಸೀರಿಯಲ್ಲು. ಇವೆಲ್ಲ ಕಳೆದು ಉಳಿದ ಹೊತ್ತಿನಲ್ಲಿ ನಿಮ್ಮ ಆಫೀಸಿನ ಮೀಟಿಂಗ್ ಇರುತ್ತದೆ.

ಬಾಗಿಲು ತಟ್ಟಿ ಎರಡು ಹೆಜ್ಜೆ ಹಿಂದಕ್ಕೆ ನಿಲ್ಲಿ. ಹೆಣ್ಣುಮಗಳೊಬ್ಬಳು ಸೆರಗಿಗೆ ಕೈ ಒರೆಸುತ್ತ ಬಂದು ‘ಮನೇಲಿ ಯಾರೂ ಇಲ್ಲ’ ಎನ್ನುತ್ತಾಳೆ. ಹುಬ್ಬಳ್ಳಿ ಕಡೆಯಾದರೆ ‘ಯಾರೂ ಇಲ್ರೀ, ಹೊಲಕ್ಕ ಹೋಗ್ಯಾರ’. ಅವಳ ಬೆನ್ನ ಹಿಂದೆ ಅತ್ತೆ ಬೀಡಿ ಕಟ್ಟುತ್ತಿರುತ್ತಾಳೆ, ಓರಗಿತ್ತಿ ಮಗುವಿಗೆ ಹಾಲು ಕುಡಿಸುತ್ತಿರುತ್ತಾಳೆ, ಅಡುಗೆಮನೆಯಲ್ಲಿ ಕುಕ್ಕರು ಕೂಗುತ್ತಿರುತ್ತದೆ. ಗಾಬರಿ ಬೇಡ. ಯಾರೂ ಇಲ್ಲದ ಈ ಮನೆಯಲ್ಲೇ ನಿಮಗೆ ಬೇಕಾದವರೆಲ್ಲ ಇದ್ದಾರೆ. ‘ಸರಿ ಅಕ್ಕ, ಯಜಮಾನರು ಬರೋವರೆಗೂ ನಿಮ್ಮನ್ನೇ ಎರಡು ಮಾತು ಕೇಳ್ತೀನಿ’ ಎಂದು ಜಗುಲಿಯ ಮೇಲೆ ಕೂತುಬಿಡಿ.

ಯಜಮಾನರು ಬಂದರೆಂದರೆ ಉತ್ತರಗಳು ಜೋರಾಗುತ್ತವೆ, ನಿಖರತೆ ಇಳಿಯುತ್ತದೆ. ಕಿರಿಮಗಳಿಗೆ ಎಷ್ಟು ವರ್ಷ ಎಂದರೆ ಅವರು ಗಟ್ಟಿದನಿಯಲ್ಲಿ ‘ಆರು’ ಎನ್ನುತ್ತಾರೆ. ಒಳಗಿನಿಂದ ಮೆಲ್ಲಗೆ ‘ಎಂಟು ತುಂಬಿತು’ ಎಂದು ಕೇಳಿಸುತ್ತದೆ. ಎಂಟು ಎಂದೇ ಬರೆಯಿರಿ.

ಉತ್ತರ ಕೊಡುವುದು ಕಡ್ಡಾಯವಲ್ಲ ಎಂಬುದನ್ನೂ ಮೊದಲೇ ಹೇಳಿಬಿಡಿ. 2025ರ ಸೆಪ್ಟೆಂಬರ್ 22ರಂದು ರಾಜ್ಯ ಹಿಂದುಳಿದ ವರ್ಗಗಳ ಆಯೋಗ ಶುರುಮಾಡಿದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯಲ್ಲಿ ಈ ಮಾತನ್ನು ಹೈಕೋರ್ಟೇ ಹೇಳಬೇಕಾಯಿತು. ಆ ಸಮೀಕ್ಷೆಯಲ್ಲಿ ಪ್ರಶ್ನೆಗಳು 60. ಕರೆಂಟ್ ಮೀಟರಿನ ಜಾಡು ಹಿಡಿದು ಮನೆಗಳನ್ನು ಗುರುತಿಸಿ ಸ್ಟಿಕರ್ ಅಂಟಿಸಿದ್ದರು. ಕೇಳಲು ಬಂದವರು ದಸರಾ ರಜೆ ಕಳೆದುಕೊಂಡ ಶಿಕ್ಷಕರು. ಬೆಂಗಳೂರಿನ ಅಪಾರ್ಟ್‌ಮೆಂಟಿನ ಏಳನೆಯ ಮಹಡಿಯಲ್ಲೂ ಕುರಿ ಎಷ್ಟು, ಕೋಳಿ ಎಷ್ಟು ಎಂಬ ಪ್ರಶ್ನೆ ಬಿಡುವಂತಿರಲಿಲ್ಲ. ಕೊನೆಗೆ ಉಪಮುಖ್ಯಮಂತ್ರಿಗಳೇ ತಮ್ಮ ಮನೆಗೆ ಬಂದವರೆದುರು ಪ್ರಶ್ನೆ ಜಾಸ್ತಿಯಾಯಿತು ಎಂದರು. ನಗುವ ಮೊದಲು ಒಂದು ಮಾತು: ಕುರಿ ಕೋಳಿಯ ಪ್ರಶ್ನೆ ಕುರುಬರಹಟ್ಟಿಯಲ್ಲಿ ಬಹಳ ಒಳ್ಳೆಯ ಪ್ರಶ್ನೆ. ಎಲ್ಲರಿಗೂ ಒಂದೇ ಪಟ್ಟಿ ಎಂದಮೇಲೆ ಯಾರಾದರೊಬ್ಬರಿಗೆ ಅದು ಹಾಸ್ಯವಾಗಿ ಕಾಣಲೇಬೇಕು.

ಕುಟುಂಬವನ್ನು ಗುರುತಿಸುವ ವಿಧಾನ

ಸರ್ಕಾರಿ ಕೈಪಿಡಿಗಳಲ್ಲಿ ಇದು ಸುಲಭ. ಒಟ್ಟಿಗೆ ವಾಸವಿದ್ದು ಒಂದೇ ಅಡುಗೆಮನೆಯಲ್ಲಿ ಉಣ್ಣುವವರು ಒಂದು ಕುಟುಂಬ ಎನ್ನುತ್ತದೆ ಜನಗಣತಿ. 1992-93ರಿಂದ ನಡೆಯುತ್ತಿರುವ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯೂ ಸ್ವಲ್ಪ ಸುತ್ತಿಬಳಸಿ ಒಲೆಯ ಬಳಿಗೇ ಬರುತ್ತದೆ. ಜೊತೆಗೆ ನಿನ್ನೆ ರಾತ್ರಿ ಈ ಮನೆಯಲ್ಲಿ ಮಲಗಿದ್ದವರು ಯಾರು ಎಂದೂ ಕೇಳುತ್ತದೆ. 2019-21ರ ಐದನೆಯ ಸುತ್ತಿನಲ್ಲಿ ಹೀಗೆ 6 ಲಕ್ಷ 36 ಸಾವಿರಕ್ಕೂ ಹೆಚ್ಚು ಮನೆಗಳ ಬಾಗಿಲು ತಟ್ಟಿದ್ದಾರೆ.

ಒಲೆ ಎಣಿಸುವಾಗ ಎದುರಾಗುವುದು ಇಂಥವು. ಅಣ್ಣತಮ್ಮಂದಿರು ಬೇರೆಯಾಗಿದ್ದಾರೆ, ನಡುಮನೆಗೆ ಗೋಡೆ ಎದ್ದಿದೆ. ಅಮ್ಮ ಹದಿನೈದು ದಿನ ದೊಡ್ಡವನ ಕಡೆ, ಹದಿನೈದು ದಿನ ಚಿಕ್ಕವನ ಕಡೆ. ನೀವು ವೃದ್ಧಾಪ್ಯ ವೇತನದ ವಿಚಾರಕ್ಕೆ ಬಂದಿದ್ದೀರಿ ಎಂದುಕೊಂಡರೆ ಗೋಡೆಯ ಎರಡೂ ಕಡೆಯಿಂದ ‘ಅಮ್ಮ ನಮ್ಮ ಜೊತೇಲೇ ಇರೋದು’ ಎಂದು ಕೂಗು ಬರುತ್ತದೆ. ಕಣ್ಣಿನ ಆಪರೇಷನ್ನಿಗೆ ಯಾರು ಕರೆದುಕೊಂಡು ಹೋಗುತ್ತೀರಿ ಎಂದು ಕೇಳಿನೋಡಿ. ಅಮ್ಮ ಇರುವುದು ಗೋಡೆಯ ಆಚೆ.

ಈ ಕೈಪಿಡಿಯಲ್ಲಿ ಒಂದೇ ಒಂದು ಮಾತನ್ನು ಕಂಠಪಾಠ ಮಾಡುವುದಾದರೆ ಇದನ್ನು ಮಾಡಿ: ಮನೆಯವರು ಉತ್ತರ ಹೇಳುವುದು ನಿಮ್ಮ ಪ್ರಶ್ನೆಗಲ್ಲ, ಆ ಪ್ರಶ್ನೆಯ ಬೆನ್ನಿಗೆ ಏನು ಬಂದೀತು ಎಂಬ ತಮ್ಮ ಅಂದಾಜಿಗೆ. ಅಕ್ಕಿ ಬರುವುದಾದರೆ ಆರು ಜನ, ತೆರಿಗೆ ಬರುವುದಾದರೆ ಇಬ್ಬರು, ಸಾಲಮನ್ನಾ ಬರುವುದಾದರೆ ಮೂರು ಕುಟುಂಬ. ಇದನ್ನು ಸುಳ್ಳು ಎಂದು ಷರಾ ಬರೆಯಬೇಡಿ. ಹಿಂದೆ ಬಂದವರು ಬರೆದುಕೊಂಡು ಹೋದದ್ದು ಏನಾಯಿತು ಎಂಬುದನ್ನು ಅವರು ನೋಡಿದ್ದಾರೆ. ನೀವು ನೋಡಿಲ್ಲ.

ರಾಯಚೂರು, ಯಾದಗಿರಿ ಕಡೆ ಸುಗ್ಗಿ ಮುಗಿದಮೇಲೆ ಹೋದರೆ ಸಾಲಾಗಿ ಬೀಗ ಹಾಕಿದ ಮನೆಗಳು ಸಿಗುತ್ತವೆ. ಗುಳೆ ಹೋಗಿದ್ದಾರೆ. ರೇಷನ್ ಕಾರ್ಡು ಊರಲ್ಲಿದೆ, ಗಂಡಹೆಂಡತಿ ಬೆಂಗಳೂರಿನಲ್ಲಿ ಕಟ್ಟುತ್ತಿರುವ ಬಿಲ್ಡಿಂಗಿನ ಪಕ್ಕ ತಗಡಿನ ಶೆಡ್ಡಿನಲ್ಲಿದ್ದಾರೆ, ದೊಡ್ಡ ಮಗ ಶಾಲೆಗಾಗಿ ಅಜ್ಜಿಯ ಹತ್ತಿರ, ಚಿಕ್ಕದು ಮರಳಿನ ರಾಶಿಯ ಮೇಲೆ. ಊರ ಅಂಗನವಾಡಿಯ ಹಾಜರಿಯಲ್ಲಿ ಆ ಮಗು ‘ಗುಳೆ’, ಬೆಂಗಳೂರಿನ ಅಂಗನವಾಡಿಯ ಪುಸ್ತಕದಲ್ಲಿ ಅದರ ಹೆಸರೇ ಇಲ್ಲ. ಒಂದು ಕುಟುಂಬಕ್ಕೆ ಮೂರು ಒಲೆ. ಬೀಗ ಹಾಕಿದ ಮನೆಯನ್ನು ‘ಯಾರೂ ಸಿಗಲಿಲ್ಲ’ ಎಂದು ಬರೆದು ಮುಂದೆ ಹೋಗುವುದು ನಿಯಮದ ಪ್ರಕಾರ ಸರಿ. ಆದರೆ ಕ್ಷೇಮ ವಿಚಾರಿಸಬೇಕಾದ ಮನೆ ಅದೇ ಆಗಿತ್ತು.

ಕರಾವಳಿಗೆ ಇಳಿದರೆ ಇನ್ನೊಂದು ತೊಡಕು. ಅಳಿಯಸಂತಾನದ ಮನೆಗಳಲ್ಲಿ ಆಸ್ತಿ ಹೆಣ್ಣಿನ ಕಡೆಯಿಂದ ಇಳಿಯುತ್ತಿತ್ತು. ಮನೆಯ ಮೇಲಿನ ಅಧಿಕಾರ ಸೋದರಮಾವನದೋ ಹಿರಿಯ ಹೆಂಗಸಿನದೋ; ಗಂಡ ನೆಂಟ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದು ಲೆಕ್ಕ ಬದಲಾಯಿತು. ಮನಸ್ಸಿನ ಲೆಕ್ಕ ಅಷ್ಟು ಬೇಗ ಬದಲಾಗಲಿಲ್ಲ. ಇದನ್ನೇ ಬೆನ್ನಟ್ಟಿ ಹೋದವರಿದ್ದಾರೆ. ಮನೋವೈದ್ಯರಾದ ಜಿ. ಎಂ. ಕಾರ್‌ಸ್ಟೇರ್ಸ್ ಮತ್ತು ಆರ್. ಎಲ್. ಕಪೂರ್ ಕುಂದಾಪುರದ ಹತ್ತಿರದ ಕೋಟದಲ್ಲಿ ಬ್ರಾಹ್ಮಣ, ಬಂಟ, ಮೊಗವೀರ ಎಂಬ ಮೂರು ಸಮುದಾಯಗಳ ಮನೆಗಳಿಗೆ ಹೋಗಿ ಮನಸ್ಸಿನ ಕಾಯಿಲೆ ಯಾರಲ್ಲಿ ಎಷ್ಟು, ಊರು ಬದಲಾಗುತ್ತಿರುವುದಕ್ಕೂ ಅದಕ್ಕೂ ಏನು ಸಂಬಂಧ ಎಂದು ವಿಚಾರಿಸಿದರು. ‘ದಿ ಗ್ರೇಟ್ ಯೂನಿವರ್ಸ್ ಆಫ್ ಕೋಟ’ 1976ರಲ್ಲಿ ಬಂತು. ಅವರು ಮಾಡಿದ ಒಳ್ಳೆಯ ಕೆಲಸವೆಂದರೆ, ಹೊರದೇಶದ ಪ್ರಶ್ನಾವಳಿಯನ್ನು ಎತ್ತಿ ತಂದು ಓದಿಹೇಳದೆ ಇಲ್ಲಿಗೆ ಹೊಂದುವ ಪ್ರಶ್ನಾವಳಿಯನ್ನೇ ಕಟ್ಟಿಕೊಂಡದ್ದು. ಪ್ರಶ್ನೆ ಕಟ್ಟುವುದಕ್ಕೇ ವರ್ಷ ತೆಗೆದುಕೊಳ್ಳುವವರಿಗೆ ಈಗ ಯಾರು ಅನುದಾನ ಕೊಡುತ್ತಾರೋ ಕಾಣೆ.

ಕೊಡಗಿನಲ್ಲಿ ಒಕ್ಕ (ಮನೆತನ) ಎಂದರೆ ಒಲೆಯೇ ಅಲ್ಲ. ಒಕ್ಕದ ಮೂಲಮನೆಯಾದ ಐನ್‌ಮನೆಯಲ್ಲಿ ವಾಸವಿರುವವರು ಇಬ್ಬರೇ ಇರಬಹುದು, ಅದಕ್ಕೆ ಸೇರಿದವರು ಮೈಸೂರು, ದುಬೈ, ಸೈನ್ಯದ ಠಾಣೆಗಳಲ್ಲೆಲ್ಲ ಇದ್ದಾರೆ. ಯಲ್ಲಾಪುರ, ಹಳಿಯಾಳದ ಸಿದ್ದಿಯರಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂವರೂ ಇದ್ದಾರೆ. ಧರ್ಮದ ಕಲಮಿಗೆ ಬಂದಾಗ ಪೆನ್ನು ಕೆಳಗಿಟ್ಟು ಇಡೀ ಸಂಸಾರದ ಕಥೆ ಕೇಳಿಸಿಕೊಳ್ಳಿ.

ಯಜಮಾನಿಯನ್ನು ಪತ್ತೆಹಚ್ಚುವುದು

2013ರ ಆಹಾರ ಭದ್ರತಾ ಕಾಯ್ದೆ ರೇಷನ್ ಕಾರ್ಡಿನಲ್ಲಿ ಮನೆಯ ಹಿರಿಯ ಹೆಂಗಸನ್ನೇ ಮುಖ್ಯಸ್ಥೆ ಎಂದು ನಮೂದಿಸಬೇಕು ಎಂದಿತು. ಹತ್ತು ವರ್ಷ ಯಾರೂ ಆ ಸಾಲನ್ನು ಓದಲಿಲ್ಲ. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಗೃಹಲಕ್ಷ್ಮಿ ಶುರುವಾಗಿ, ಯಜಮಾನಿಯ ಖಾತೆಗೆ ತಿಂಗಳಿಗೆ 2,000 ರೂಪಾಯಿ ಎಂದ ಕೂಡಲೇ ಎಲ್ಲರೂ ಓದಿದರು. ಅತ್ತೆಯೋ ಸೊಸೆಯೋ ಎಂಬ ಪ್ರಶ್ನೆ ಅಡುಗೆಮನೆಯಿಂದ ವಿಧಾನಸೌಧಕ್ಕೆ ಹೋಗಿ ಉತ್ತರ ಹೊತ್ತು ವಾಪಸು ಬಂತು. ಕಾರ್ಡು ಬೇರೆ ಮಾಡಿಸಿದರೆ ಸೊಸೆಯೂ ಯಜಮಾನಿಯಾಗಬಹುದು ಎಂಬ ಗಣಿತ ಎಷ್ಟೋ ಮನೆಗಳಲ್ಲಿ ಬಗೆಹರಿಯಿತು.

ಇದನ್ನು ಹಾಸ್ಯ ಮಾಡುವವರು ಬಹಳ. ಈ ಕೈಪಿಡಿ ಮಾಡುವುದಿಲ್ಲ. ಕೈಯಲ್ಲಿ ಸ್ವಂತದ್ದೆಂದು ಹತ್ತು ರೂಪಾಯಿ ಇಲ್ಲದೆ ಬದುಕಿದವಳು ತನ್ನ ಹೆಸರಿಗೆ ಬಂದ ದುಡ್ಡಿನಲ್ಲಿ ಮಿಕ್ಸಿ ತಂದಳು, ಮೊಮ್ಮಗಳ ಫೀಸು ಕಟ್ಟಿದಳು, ಯಾರನ್ನೂ ಕೇಳದೆ ಕನ್ನಡಕ ಮಾಡಿಸಿಕೊಂಡಳು. ಅದೇ ಹೊತ್ತಿಗೆ ಒಟ್ಟಿಗಿದ್ದ ಮನೆ ಕಾಗದದ ಮೇಲೆ ಎರಡಾಯಿತು. ಎರಡೂ ನಿಜ. ನಿಮ್ಮ ಸಮೀಕ್ಷೆಯಲ್ಲಿ ಅವಿಭಕ್ತ ಕುಟುಂಬಗಳು ಕಡಿಮೆಯಾಗಿವೆ ಎಂದು ಕಂಡುಬಂದರೆ, ಸಂಸ್ಕೃತಿ ಶಿಥಿಲವಾಯಿತು ಎಂದು ತೀರ್ಪು ಬರೆಯುವ ಮುನ್ನ ಆ ತಾಲ್ಲೂಕಿನಲ್ಲಿ ಹೊಸ ಕಾರ್ಡಿಗೆ ಅರ್ಜಿ ಎಷ್ಟು ಬಂದಿತ್ತು ಎಂದು ಆಹಾರ ಇಲಾಖೆಯಲ್ಲಿ ಕೇಳಿ.

ಸಂಬಂಧದ ಕಲಂ

ಯಜಮಾನರಿಗೆ ಏನಾಗಬೇಕು ಎಂಬ ಕಲಮಿನಲ್ಲಿ ಒಬ್ಬರಿಗೆ ಒಂದೇ ಸಂಖ್ಯೆ ಹಾಕಲು ಜಾಗ. ಅಕ್ಕನ ಮಗಳನ್ನು ಮದುವೆಯಾದ ಮನೆಯಲ್ಲಿ ಅತ್ತೆ ಅಜ್ಜಿಯೂ ಹೌದು, ಗಂಡ ಸೋದರಮಾವನೂ ಹೌದು, ಮಕ್ಕಳಿಗೆ ಅಪ್ಪ ಅಮ್ಮ ಯಾವ ದಿಕ್ಕಿನಿಂದ ಎಣಿಸಿದರೂ ನೆಂಟರೇ. ಕರ್ನಾಟಕ ಮತ್ತು ತಮಿಳುನಾಡು ರಕ್ತಸಂಬಂಧದ ಮದುವೆಯಲ್ಲಿ ದೇಶದಲ್ಲೇ ಮುಂದಿವೆ. ಒಂದೇ ಸಂಖ್ಯೆ ಹಾಕಿ ಮುಂದೆ ನಡೆಯಿರಿ. ಆದರೆ ಮಗುವಿಗೆ ಕಿವಿ ಕೇಳಿಸುವುದಿಲ್ಲ ಎಂದು ಅದೇ ಮನೆಯವರು ಹೇಳಿದರೆ ‘ಸಂಬಂಧದೊಳಗೆ ಯಾಕೆ ಮಾಡಿಕೊಂಡಿರಿ’ ಎಂದು ಕೇಳಬೇಡಿ. ಆ ಮದುವೆ ಅಜ್ಜಿ ಸಾಯುವ ಮುನ್ನ ಹಟಹಿಡಿದು ಮಾಡಿಸಿದ್ದು. ಹುಡುಗಿಯನ್ನು ಆಗಲೂ ಯಾರೂ ಕೇಳಿರಲಿಲ್ಲ, ಈಗ ನೀವು ಬಂದು ಬೈಯುವುದು ಬೇಡ. ಕಿವಿ ಪರೀಕ್ಷೆ ಎಲ್ಲಿ ಮಾಡಿಸಬೇಕು ಎಂದು ಹೇಳಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ.

ಎಚ್ಚರಿಕೆ

ಈ ಭಾಗದಲ್ಲಿ ತಮಾಷೆ ಕಡಿಮೆ.

ಗಂಡ ಹೊಡೆಯುತ್ತಾನೆಯೇ ಎಂಬ ಪ್ರಶ್ನೆಯನ್ನು ಕುಟುಂಬ ಆರೋಗ್ಯ ಸಮೀಕ್ಷೆ ಒಂದು ಮನೆಯಲ್ಲಿ ಒಬ್ಬಳೇ ಹೆಂಗಸಿಗೆ ಕೇಳುತ್ತದೆ, ಅದೂ ಒಂಟಿಯಾಗಿರುವಾಗ ಮಾತ್ರ. ಮಧ್ಯೆ ಯಾರಾದರೂ ಬಂದರೆ ಮಾತು ಬದಲಿಸಬೇಕು, ಆಗದಿದ್ದರೆ ನಿಲ್ಲಿಸಬೇಕು. ಈ ನಿಯಮ ಬರೆದವರು ತಿಳಿದವರು. ಆದರೆ ನಮ್ಮ ಮನೆಗಳಲ್ಲಿ ಹೆಂಗಸೊಬ್ಬಳು ಹೊರಗಿನವರ ಜೊತೆ ಒಂಟಿಯಾಗಿ ಅರ್ಧಗಂಟೆ ಮಾತಾಡುವ ಜಾಗ ಎಲ್ಲಿದೆ ಎಂಬುದನ್ನು ನಿಯಮ ಹೇಳುವುದಿಲ್ಲ. ಅತ್ತೆ ಬಾಗಿಲ ಸಂದಿಯಲ್ಲಿ, ಪಕ್ಕದ ಮನೆಯ ಮೂವರು ಕಿಟಕಿಯಲ್ಲಿ, ಮಕ್ಕಳು ನಿಮ್ಮ ಚೀಲದ ಮೇಲೆ. ಅನುಭವಸ್ಥರು ಇಬ್ಬಿಬ್ಬರಾಗಿ ಹೋಗುತ್ತಾರೆ: ಒಬ್ಬರು ಜಗುಲಿಯಲ್ಲಿ ಅತ್ತೆಯ ಮಂಡಿನೋವಿನ ಬಗ್ಗೆ ವಿವರವಾಗಿ ಕೇಳುತ್ತಿರುತ್ತಾರೆ, ಇನ್ನೊಬ್ಬರು ಹಿತ್ತಲಿನ ಒಗೆಯುವ ಕಲ್ಲಿನ ಬಳಿ ಸೊಸೆಯ ಜೊತೆ. ಮಂಡಿನೋವಿನ ವಿವರವನ್ನೂ ಬರೆದುಕೊಳ್ಳಿ, ಅದೂ ಕ್ಷೇಮದ ಲೆಕ್ಕವೇ.

ಕರ್ನಾಟಕದಲ್ಲಿ ಗಂಡನ ಹಿಂಸೆ ಅನುಭವಿಸಿದ್ದೇನೆ ಎಂದ ವಿವಾಹಿತೆಯರು ನಾಲ್ಕನೆಯ ಸುತ್ತಿನಲ್ಲಿ ನೂರಕ್ಕೆ ಸುಮಾರು 21. ಐದನೆಯ ಸುತ್ತಿನಲ್ಲಿ 44. ಅಂಕಿ ಹೊರಬಿದ್ದಾಗ ಲಾಕ್‌ಡೌನ್ ಕಾರಣ ಎಂದವರೂ ಇದ್ದರು. ಆದರೆ ನಮ್ಮ ರಾಜ್ಯದಲ್ಲಿ ಆ ಪ್ರಶ್ನೆಗಳನ್ನು ಕೇಳಿ ಮುಗಿಸಿದ್ದು ಕೊರೊನಾ ಬರುವ ಮೊದಲೇ, 2019ರಲ್ಲಿ. ನಾಲ್ಕೈದು ವರ್ಷದಲ್ಲಿ ಗಂಡಸರು ಇದ್ದಕ್ಕಿದ್ದಂತೆ ದುಪ್ಪಟ್ಟು ಕೆಟ್ಟರೋ, ಹೇಳದೆ ಉಳಿದವರು ಈಗ ಹೇಳಿದರೋ, ಕೇಳಿದವರು ಸರಿಯಾಗಿ ಬಾಗಿಲು ಮುಚ್ಚಿಕೊಂಡು ಕೇಳಿದರೋ? ನನಗೆ ಮೂರನೆಯದರ ಮೇಲೆ ಅನುಮಾನ ಜಾಸ್ತಿ. ಹಾಗಾದರೆ ಹಳೆಯ 21 ಏನು ಹೇಳುತ್ತಿತ್ತು? ಜಗುಲಿಯ ಮೇಲೆ ಎಷ್ಟು ಜನ ಕೂತಿದ್ದರು ಎಂದು.

ಇದೇ ಸಮೀಕ್ಷೆಯಲ್ಲಿ ಇನ್ನೊಂದು ಪ್ರಶ್ನೆ: ಹೇಳದೆ ಹೊರಗೆ ಹೋದರೆ, ಅಡುಗೆ ಕೆಟ್ಟರೆ, ಅತ್ತೆಮಾವನಿಗೆ ಗೌರವ ಕೊಡದಿದ್ದರೆ, ಹೀಗೆ ಏಳು ಕಾರಣ ಪಟ್ಟಿಮಾಡಿ, ಗಂಡ ಹೊಡೆಯುವುದು ಸರಿಯೇ ಎಂದು. ಒಂದಕ್ಕಾದರೂ ಸರಿ ಎಂದವರು ಕರ್ನಾಟಕದ ಗಂಡಸರಲ್ಲಿ ನೂರಕ್ಕೆ 82, ಹೆಂಗಸರಲ್ಲಿ 77. ಎರಡರ ನಡುವಿನ ಅಂತರ ಐದೇ ಐದು. ಗಂಡುಹೆಣ್ಣು ಇಷ್ಟು ಒಮ್ಮತದಿಂದಿರುವ ವಿಷಯ ನಮ್ಮಲ್ಲಿ ಬೇರೆ ಹುಡುಕುವುದು ಕಷ್ಟ.

ಮುಖ್ಯ ಎಚ್ಚರಿಕೆ ಇದು. ಅವಳು ಹೇಳಿಬಿಟ್ಟಳು ಅನ್ನಿ. ನೀವು ಟಿಕ್ ಹಾಕಿ ಮುಂದಿನ ಪ್ರಶ್ನೆಗೆ ಹೋದರೆ, ಯಾರ ಹತ್ತಿರವೂ ಆಡದ ಮಾತನ್ನು ಒಂದು ಚೌಕಕ್ಕೆ ಆಡಿದ ಹಾಗಾಗುತ್ತದೆ. ಸಹಾಯವಾಣಿ ಸಂಖ್ಯೆಗಳು ಬಾಯಿಗೆ ಬರುತ್ತಿರಲಿ: ಹೆಂಗಸರಿಗೆ 181, ಮಕ್ಕಳಿಗೆ 1098, ಹಿರಿಯರಿಗೆ 14567, ಮನಸ್ಸಿನ ನೋವಿಗೆ 14416. ಚೀಟಿಯಲ್ಲಿ ಬರೆದುಕೊಡಬೇಡಿ, ಚೀಟಿ ಗಂಡನ ಕೈಗೆ ಸಿಗುತ್ತದೆ. ಮಗುವಿನ ತಾಯಿ ಕಾರ್ಡಿನ ಹಿಂಬದಿಯಲ್ಲಿ ಲಸಿಕೆಯ ತಾರೀಕಿನ ಪಕ್ಕ ಬರೆದರೆ ಯಾರೂ ನೋಡುವುದಿಲ್ಲ. ಗಂಡಸರು ತಾಯಿ ಕಾರ್ಡು ತೆರೆದು ಓದಿದ ದಾಖಲೆ ಅಪರೂಪ.

ಸೇವೆಯನ್ನು ಜೋಡಿಸುವುದು

ಸಂಶೋಧನೆ ಮುಗಿಯಿತು, ಈಗ ಸೇವೆ ತಲುಪಿಸಬೇಕು. ಸೇವೆಗೆ ಯಾವಾಗಲೂ ಒಬ್ಬರ ಹೆಸರು ಬೇಕು. ಮನೆಗೆ ಹೋದದ್ದು ಮಾತ್ರ ಎಲ್ಲರದಾಗುತ್ತದೆ.

ಬಸುರಿಗೆಂದು ಕೊಟ್ಟ ಬೇಳೆ ಬೆಲ್ಲ ಮನೆಗೆ ಹೋದರೆ ಮನೆಯ ಸಾರಿಗೆ ಬೀಳುತ್ತದೆ, ಆ ಸಾರನ್ನು ಅವಳು ಕೊನೆಗೆ ಉಣ್ಣುತ್ತಾಳೆ. ಇದು ಗೊತ್ತಿದ್ದೇ 2017ರ ಅಕ್ಟೋಬರ್ 2ರಂದು ಮಾತೃಪೂರ್ಣ ಬಂತು: ಮಧ್ಯಾಹ್ನ ಅಂಗನವಾಡಿಗೇ ಬಂದು ಕೂತು, ಮೊಟ್ಟೆ ಹಾಲು ಸಮೇತ ಬಿಸಿಯೂಟ ಉಂಡು ಹೋಗಬೇಕು. ಬುದ್ಧಿವಂತ ಯೋಚನೆ. ಬಯಲುಸೀಮೆಯ ಒತ್ತೊತ್ತಾದ ಕೇರಿಯಲ್ಲಿ ನಡೆಯುವಂಥದ್ದು. ಮಲೆನಾಡಿನಲ್ಲಿ ಮನೆ ಗುಡ್ಡದ ಮೇಲೆ, ಅಂಗನವಾಡಿ ಕಣಿವೆಯಲ್ಲಿ, ನಡುವೆ ಹಳ್ಳ ದಾಟುವ ಸಂಕ. ಎಂಟು ತಿಂಗಳ ಬಸುರಿ ಮಳೆಯಲ್ಲಿ ಇಳಿದು ಉಂಡು ಹತ್ತಿ ಮನೆ ಸೇರುವ ಹೊತ್ತಿಗೆ ಉಂಡದ್ದು ಕರಗಿರುತ್ತದೆ. ಸೊಸೆಯನ್ನು ಕಳಿಸಲು ಒಪ್ಪದ ಅತ್ತೆಯನ್ನು ‘ಮೂಢನಂಬಿಕೆ’ ಎಂಬ ಕಲಮಿಗೆ ಹಾಕುವ ಮುನ್ನ ಆ ಸಂಕದ ಮೇಲೆ ಒಮ್ಮೆ ನಡೆದುನೋಡಿ.

ಈ ನೆಲಕ್ಕೆ ಇಂಥ ಪ್ರಯೋಗಗಳು ಹೊಸವಲ್ಲ. 1930ರಲ್ಲೇ ಮೈಸೂರು ಸಂಸ್ಥಾನ ಸರ್ಕಾರದ ವತಿಯಿಂದ ಸಂತಾನ ನಿಯಂತ್ರಣದ ಚಿಕಿತ್ಸಾಲಯ ತೆರೆಯಲು ಆದೇಶ ಮಾಡಿತ್ತು. ಬೇರೆ ದೇಶಗಳಲ್ಲಿ ಆ ಮಾತಾಡಿದವರನ್ನು ಇನ್ನೂ ಕೋರ್ಟಿಗೆ ಎಳೆಯುತ್ತಿದ್ದ ಕಾಲ ಅದು. 1952ರ ಸುಮಾರಿಗೆ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ನಮ್ಮ ರಾಮನಗರದಲ್ಲಿ ಮತ್ತು ದೆಹಲಿಯ ಲೋದಿ ಕಾಲನಿಯಲ್ಲಿ ‘ಸುರಕ್ಷಿತ ದಿನ’ಗಳ ವಿಧಾನವನ್ನು ಪರೀಕ್ಷೆ ಮಾಡಿದರು. ದಿನ ಎಣಿಸಲು ಹೆಂಗಸರಿಗೆ ಬಣ್ಣಬಣ್ಣದ ಮಣಿಗಳ ಸರ. ದಿನಕ್ಕೊಂದು ಮಣಿ ಸರಿಸಬೇಕು. ಯಾವ ಬಣ್ಣ ಬಂದರೆ ಏನು ಎಂಬುದು ಕಟ್ಟಳೆ. ಸರಿ, ಆ ಸರವನ್ನು ತೂಗುಹಾಕುವುದೆಲ್ಲಿ? ಕೊರಳಲ್ಲಿ ಹಾಕಿಕೊಂಡರೆ ಇವತ್ತು ಯಾವ ಬಣ್ಣ ಎಂಬುದು ನೀರು ಸೇದುವ ಬಾವಿಯ ಹತ್ತಿರ ಎಲ್ಲರಿಗೂ ಗೊತ್ತಾಗುತ್ತದೆ. ಗೂಟಕ್ಕೆ ಹಾಕಿದರೆ ಮೈದುನ ನೋಡುತ್ತಾನೆ, ಮಗು ಎಳೆದು ಮಣಿ ಚೆಲ್ಲಾಪಿಲ್ಲಿ ಮಾಡುತ್ತದೆ. ಟ್ರಂಕಿನಲ್ಲಿಟ್ಟರೆ ಮರೆತುಹೋಗುತ್ತದೆ. ಇನ್ನು ಕೆಂಪುಮಣಿಯ ದಿನ ಗಂಡ ಕುಡಿದು ಬಂದರೆ ಸರ ಅವನಿಗೆ ಏನನ್ನೂ ಹೇಳುವುದಿಲ್ಲ. ದಿನ ಎಣಿಸುವ ವಿಜ್ಞಾನವೆಲ್ಲ ಇತ್ತು, ಗಂಡನಿಗೊಂದು ಸರ ಇರಲಿಲ್ಲ.

ಹಾಗಾದರೆ ಸರಿಯಾಗಿ ಜೋಡಿಸಿದವರು ಯಾರೂ ಇಲ್ಲವೇ? ಇದ್ದಾರೆ. 1981ರಲ್ಲಿ ಡಾ. ಎಚ್. ಸುದರ್ಶನ್ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರ ನಡುವೆ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಶುರುಮಾಡಿದಾಗ ಕೈಯಲ್ಲಿದ್ದದ್ದು ಮದ್ದಿನ ಪೆಟ್ಟಿಗೆ, ಪ್ರಶ್ನಾವಳಿಯಲ್ಲ. ಮೊದಲು ಗಾಯ, ಜ್ವರ, ಹೆರಿಗೆ. ಆಮೇಲೆ ಶಾಲೆ. ಸೋಲಿಗರ ಕುಟುಂಬಗಳಲ್ಲಿ ಸಿಕಲ್ ಸೆಲ್ ರಕ್ತಹೀನತೆಯ ಕೆಲಸ ಸಾಧ್ಯವಾದದ್ದು ರಕ್ತ ಕೊಡುವಷ್ಟು ನಂಬಿಕೆ ಹುಟ್ಟಿದ್ದರಿಂದ. ಕೋಟದಲ್ಲಿ ಕಪೂರರು ಕಂಡದ್ದೂ ನಂಬಿಕೆಯ ಮಾತೇ: ಜನ ಡಾಕ್ಟರ ಹತ್ತಿರವೂ ಹೋಗುತ್ತಾರೆ, ಮೈಮೇಲೆ ದೈವ ಬರುವ ಪಾತ್ರಿ, ಮಂತ್ರವಾದಿಗಳ ಹತ್ತಿರವೂ ಹೋಗುತ್ತಾರೆ, ಇದರಲ್ಲಿ ವಿರೋಧವೇನೂ ಅವರಿಗೆ ಕಾಣುವುದಿಲ್ಲ. ದರ್ಶನದಲ್ಲಿ ಪಾತ್ರಿ ಮೊದಲು ಇಡೀ ಮನೆಯವರನ್ನು ಕರೆದು ಕೂರಿಸುತ್ತಾನೆ. ಆಸ್ಪತ್ರೆಯಲ್ಲಿ ‘ಪೇಷಂಟ್ ಒಬ್ಬರೇ ಒಳಗೆ ಬನ್ನಿ’. ನಿಮ್ಹಾನ್ಸ್ ಕುಟುಂಬ ಸಮೇತ ಬಂದು ಉಳಿಯುವ ಕೇಂದ್ರ ಮಾಡಿ, ಮನೆಯವರನ್ನೆಲ್ಲ ಕೂರಿಸಿ ಮಾತಾಡಿಸುತ್ತ ಬಂದಿರುವುದನ್ನು ಈ ದೃಷ್ಟಿಯಿಂದ ನೋಡಬೇಕು. ವಿಜ್ಞಾನ ಪಾತ್ರಿಯಿಂದ ಕಲಿಯಿತು ಎಂದರೆ ಇಬ್ಬರಿಗೂ ಕೋಪ ಬರುತ್ತದೆ, ಹಾಗಾಗಿ ಹೇಳುವುದಿಲ್ಲ.

ದೋಷ ಮತ್ತು ಪರಿಹಾರ

ಆ್ಯಪ್ ತೆರೆಯುತ್ತಿಲ್ಲ, ಸರ್ವರ್ ಡೌನ್: ನೋಟ್‌ಬುಕ್ಕಿನಲ್ಲಿ ಬರೆಯಿರಿ. ಅದೂ ಕಳೆದುಹೋದರೆ? 1948ರಲ್ಲಿ ಮೈಸೂರಿನ ಹತ್ತಿರದ ಹಳ್ಳಿಯೊಂದರಲ್ಲಿ ಕೂತು (ರಾಂಪುರ ಎಂದು ಅದಕ್ಕೆ ಹೆಸರಿಟ್ಟು) ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ ಮಾಡಿದ್ದ ಟಿಪ್ಪಣಿಗಳನ್ನು ವರ್ಷಗಟ್ಟಲೆ ಜೋಡಿಸಿಟ್ಟಿದ್ದರು. 1970ರಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಅವರ ಕೊಠಡಿಗೆ ಬೆಂಕಿ ಬಿದ್ದು ಆ ಜೋಡಿಸಿಟ್ಟ ಪ್ರತಿಗಳು ಸುಟ್ಟುಹೋದವು. ಬರೆದ ಪುಸ್ತಕ ‘ದಿ ರಿಮೆಂಬರ್ಡ್ ವಿಲೇಜ್’, ನೆನಪಿನಿಂದ. ನಿಮ್ಮ ಫೋನು ಈಗ ನೀರಿಗೆ ಬಿದ್ದರೆ ಬೆಳಗ್ಗೆ ಹೋದ ಮನೆಯ ಬಗ್ಗೆ ಏನು ಹೇಳಬಲ್ಲಿರಿ ಎಂದು ಪರೀಕ್ಷಿಸಿಕೊಳ್ಳಿ.

ಎಲ್ಲ ಪ್ರಶ್ನೆಗೂ ‘ಚೆನ್ನಾಗಿದೀವಿ’ ಎಂಬ ಉತ್ತರ: ಯಾರೋ ಕೇಳಿಸಿಕೊಳ್ಳುತ್ತಿದ್ದಾರೆ. ನಾಳೆ ಬನ್ನಿ.

ಎಲ್ಲ ಪ್ರಶ್ನೆಗೂ ಕಣ್ಣೀರು: ಹಿಂದೆ ಬಂದವರು ಏನನ್ನೋ ಕೊಡುತ್ತೇನೆಂದು ಹೇಳಿಹೋಗಿದ್ದಾರೆ. ಅದೇನೆಂದು ವಿಚಾರಿಸಿ.

ಮನೆಮಾತು ನಿಮಗೆ ಬಾರದು: ತುಳು, ಬ್ಯಾರಿ, ದಖ್ನಿ, ಲಂಬಾಣಿ, ಕೊಂಕಣಿ, ಯಾವುದೇ ಇರಲಿ, ಶಾಲೆಗೆ ಹೋಗುವ ಹುಡುಗಿಯನ್ನು ದುಭಾಷಿಯಾಗಿ ಕೂರಿಸಿಕೊಳ್ಳುವುದು ವಾಡಿಕೆ. ಗರ್ಭಪಾತ ಆಗಿತ್ತೇ ಎಂಬ ಪ್ರಶ್ನೆಯನ್ನು ಹತ್ತು ವರ್ಷದ ಮಗಳ ಬಾಯಲ್ಲಿ ತಾಯಿಗೆ ಕೇಳಿಸಬೇಡಿ.

ಏನೂ ಗೊತ್ತಾಗುತ್ತಿಲ್ಲ: ಆಶಾ ಕಾರ್ಯಕರ್ತೆಯನ್ನು ಕೇಳಿ. ಸಾವಿರ ಜನಕ್ಕೆ ಒಬ್ಬಳಂತೆ ಅದೇ ಊರಿನಲ್ಲಿ ಬಾಳುತ್ತಿರುವ ಹೆಂಗಸು. ಯಾವ ಮನೆಯಲ್ಲಿ ಯಾರು ಊಟ ಬಿಟ್ಟಿದ್ದಾರೆ, ಯಾವ ಹುಡುಗಿಗೆ ಹದಿನೆಂಟಾಗುವ ಮೊದಲೇ ಗಂಡು ನೋಡುತ್ತಿದ್ದಾರೆ, ಯಾವ ಅಜ್ಜ ಮಾತ್ರೆ ಅರ್ಧ ಮಾಡಿ ನುಂಗುತ್ತಿದ್ದಾನೆ ಎಂಬುದೆಲ್ಲ ಅವಳಿಗೆ ಗೊತ್ತು. ಅವಳಿಗೆ ಸಂಬಳವಿಲ್ಲ, ಗೌರವಧನ ಮತ್ತು ಕೆಲಸಕ್ಕಿಷ್ಟು ಪ್ರೋತ್ಸಾಹಧನ. ಗೊತ್ತಿರುವುದಕ್ಕೆ ದರ ನಿಗದಿಯಾಗಿಲ್ಲ. ಆದರೆ ಒಂದು ಗಮನಿಸಿ: ಅವಳು ಊರಿನ ಸೊಸೆಯೇ ಆದ್ದರಿಂದ ಅವಳಿಗೆ ಹೇಳದ ಒಂದೆರಡು ಸಂಗತಿ ಪ್ರತಿಯೊಂದು ಮನೆಯಲ್ಲೂ ಇರುತ್ತದೆ. ಅವನ್ನು ಮತ್ತೆಂದೂ ಸಿಗದ ನಿಮ್ಮಂಥ ಅಪರಿಚಿತರಿಗೆ ಹೇಳುತ್ತಾರೆ. ನಿಮ್ಮ ಕೆಲಸಕ್ಕೆ ಇರುವ ಸಮರ್ಥನೆ ಅಷ್ಟೇ, ಆದರೆ ಅದು ಸಣ್ಣದಲ್ಲ.

ಪ್ರಶ್ನಾವಳಿಯ ಕೊನೆಯ ಪುಟ

ನಿಮ್ಮ ಪ್ರಶ್ನೆ ಮುಗಿದಮೇಲೆ ಮನೆಯವರ ಸಮೀಕ್ಷೆ ಶುರುವಾಗುತ್ತದೆ. ಯಾವೂರು? ಯಾರ ಪೈಕಿ? ಮದುವೆಯಾಯಿತೆ? ಎಷ್ಟು ಮಕ್ಕಳು, ಒಂದೇ ಯಾಕೆ? ಸಂಬಳ ಎಷ್ಟು, ಕೈಗೆ ಎಷ್ಟು ಸಿಗುತ್ತೆ? ಅತ್ತೆ ಜೊತೆ ಇದ್ದೀಯೋ ಬೇರೆಯೋ? ಅಜ್ಜಿಯೊಬ್ಬಳು ಇಷ್ಟನ್ನು ಎಲೆಯಡಿಕೆ ಹಾಕಿಕೊಳ್ಳುವಷ್ಟರಲ್ಲಿ ಕೇಳಿ ಮುಗಿಸುತ್ತಾಳೆ, ಆ್ಯಪ್ ಬೇಡ, ಒಪ್ಪಿಗೆ ಪತ್ರ ಬೇಡ. ಎಲ್ಲದಕ್ಕೂ ಉತ್ತರ ಕೊಡಿ. ನಲವತ್ತು ನಿಮಿಷ ಅವರ ಸಂಸಾರ ಕೆದಕಿದವರಿಗೆ ‘ಅದು ನನ್ನ ಖಾಸಗಿ ವಿಷಯ’ ಎನ್ನುವ ಹಕ್ಕಿಲ್ಲ.

ಕೊನೆಗೆ ಒಂದು ಪ್ರಶ್ನೆ ಬಂದೇ ಬರುತ್ತದೆ: ‘ಹೋದ್ಸಲ ಒಬ್ಬಳು ಹುಡುಗಿ ಬಂದಿದ್ದಳಲ್ಲ, ಎಲ್ಲಾ ಬರ್ಕೊಂಡು ಹೋದಳು, ಅದೇನಾಯ್ತು?’ ವಿಶ್ವಸಂಸ್ಥೆ ಮತ್ತು ಭಾರತ ಸರ್ಕಾರ ಸೇರಿ ಮೈಸೂರು ಜನಸಂಖ್ಯಾ ಅಧ್ಯಯನಕ್ಕೆ 1951-52ರಲ್ಲಿ ಮನೆಮನೆ ತಿರುಗಿದವು, ಪುಸ್ತಕ ಅಚ್ಚಾದದ್ದು 1961ರಲ್ಲಿ. ಆಗ ತೊಟ್ಟಿಲಲ್ಲಿದ್ದ ಕೂಸು ವರದಿ ಬರುವ ಹೊತ್ತಿಗೆ ದನ ಕಾಯುತ್ತಿತ್ತು. ಈಗ ಅಷ್ಟು ತಡವಿಲ್ಲ. ಕುಟುಂಬ ಆರೋಗ್ಯ ಸಮೀಕ್ಷೆಯ ಜಿಲ್ಲಾವಾರು ಅಂಕಿಗಳು ಕೆಲವೇ ಪುಟಗಳಲ್ಲಿ ಯಾರಿಗೆ ಬೇಕಾದರೂ ಸಿಗುತ್ತವೆ, ಇಂಗ್ಲಿಷಿನಲ್ಲಿ. ಅದನ್ನು ಒಂದು ಹಾಳೆಗೆ ಇಳಿಸಿ ಕನ್ನಡದಲ್ಲಿ ಬರೆದುಕೊಳ್ಳಿ: ನಮ್ಮ ಜಿಲ್ಲೆಯಲ್ಲಿ ರಕ್ತಹೀನತೆ ಇರುವ ಹೆಂಗಸರು ನೂರಕ್ಕೆ ಎಷ್ಟು, ಹದಿನೆಂಟರೊಳಗೆ ಮದುವೆಯಾದವರು ಎಷ್ಟು, ಐದು ವರ್ಷದೊಳಗಿನ ಮಕ್ಕಳಲ್ಲಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು ಎಷ್ಟು. ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿ. ಹೆಂಗಸರು ಕೂತಿರುವ ಕಡೆಗೆ ತಿರುಗಿ ಓದಿ, ಆಮೇಲೆ ಅವರಲ್ಲೇ ಯಾರಾದರೂ ಏಳುತ್ತಾರೆಯೇ ಎಂದು ಕಾಯಿರಿ. ಎದ್ದವಳು ಮಾತು ಮುಗಿಸುವವರೆಗೆ ಮೈಕು ಪಂಚಾಯ್ತಿ ಅಧ್ಯಕ್ಷರ ಕೈಗೆ ಹೋಗದಂತೆ ನೋಡಿಕೊಳ್ಳಿ. ಅಧ್ಯಕ್ಷರು ಹೆಣ್ಣುಮಗಳಾಗಿದ್ದರೆ ಅವರ ಗಂಡನ ಕೈಗೆ.